ಡಾಕ್ಟರಿಗಾಗಿ ತೊಳೆದ ಗೋಡೆ

ನೆರೈದಾ ಮನೆ ತೊಳೆದರೆ ಎರಡು ಮಹಡಿ ಕೆಳಗಿರುವ ನನಗೆ ಗೊತ್ತಾಗುತ್ತಿತ್ತು. ಮೊದಲು ಬ್ಲೀಚಿನ ಘಾಟು ಮೆಟ್ಟಿಲಿಳಿದು ಬರುತ್ತಿತ್ತು, ಅದರ ಬೆನ್ನಿಗೇ ನೇರಳೆ ಬಣ್ಣದ ಸುಗಂಧದ ನೀರಿನ ವಾಸನೆ. ಪೋರ್ಟೊರಿಕೋ ದ್ವೀಪ ಬಿಟ್ಟು ಬ್ರಾಂಕ್ಸ್‌ಗೆ ಬಂದು ನೆಲೆಸಿದ ನಮ್ಮಂಥವರಿಗೆ ಮನೆ ಕಣ್ಣಿಗೆ ಚೊಕ್ಕಟವಾಗಿದ್ದರೆ ಸಾಲದು, ಮೂಗಿಗೂ ಚೊಕ್ಕಟವಾಗಿರಬೇಕು. ಪಾದ್ರಿ ಬರುತ್ತಾರೆಂದರೆ, ಊರಿಂದ ನೆಂಟರು ಬರುತ್ತಾರೆಂದರೆ ಬೆಳಿಗ್ಗೆಯೇ ಬಕೆಟ್ಟು ಹೊರಬರುತ್ತದೆ. ಆ ವಾಸನೆ ಇಲ್ಲದ ಮನೆಗೆ ಒಬ್ಬರನ್ನು ಕರೆಯುವುದೆಂದರೆ ಬಂದವರಿಗೆ ಕೂರಲು ಹೇಳದೆ ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ನಮ್ಮಮ್ಮ ಹೀಗೇ ಬೆಳೆಸಿದಳು, ನೆರೈದಾಳ ಅಮ್ಮನೂ ಹೀಗೇ ಬೆಳೆಸಿದಳು.

ಅವಳ ಮೊಮ್ಮಗಳು ಸುಲೈಕಾಗೆ ಇದೊಂದು ಆಟವಾಗಿತ್ತು. ಆಗ ಎಂಟು ವರ್ಷ ಅವಳಿಗೆ. ಶಾಲೆಯ ಅಡುಗೆಮನೆಯಲ್ಲಿ ನನ್ನ ಕೆಲಸ ಮುಗಿಯುವ ಹೊತ್ತಿಗೆ ಅವಳ ತರಗತಿಯೂ ಬಿಡುತ್ತಿತ್ತು, ಇಬ್ಬರೂ ಜೊತೆಯಾಗಿ ಮನೆಗೆ ಬರುತ್ತಿದ್ದೆವು. ಕಟ್ಟಡದ ಬಾಗಿಲು ದಾಟಿದ್ದೇ ತಡ, ಮೂಗು ಮೇಲೆತ್ತಿ ಎಳೆದೆಳೆದು ಮೂಸಿ ಅಲ್ಲಿಂದಲೇ ಕೂಗುತ್ತಿದ್ದಳು: "ಅಬುಯೆಲಾ, ಇವತ್ತು ಯಾರು ಬರ್ತಿದಾರೆ?"

ಐದನೇ ಮಹಡಿಯ ಕಟಕಟೆಯಿಂದ ಅಜ್ಜಿ ಬಗ್ಗಿ ನೋಡುತ್ತಿದ್ದಳು. "ನೀನೇ ಹೇಳು ನೋಡಣ!"

"ಸ್ವಲ್ಪ ವಾಸನೆ ಬರ್ತಿದೆ. ಪಕ್ಕದ ಬೀದಿಯೋರು ಯಾರೋ."

"ಜಾಸ್ತಿ ಬಂದಿದ್ರೆ?"

"ಪಾದ್ರಿ!"

ಅದೆಷ್ಟೋ ಸಲ ಅವಳ ಲೆಕ್ಕ ಸರಿಯಾಗಿರುತ್ತಿತ್ತು. ಕೂಗಿ ಮುಗಿಸುವಷ್ಟರಲ್ಲಿ ಕೆಮ್ಮು ಹತ್ತುತ್ತಿತ್ತು. ಚೀಲದಿಂದ ಉಸಿರಿನ ಪಂಪು ತೆಗೆದು ಎರಡು ಸಲ ಎಳೆದುಕೊಂಡು, ಏನೂ ಆಗದವಳ ಹಾಗೆ ಮೆಟ್ಟಿಲು ಹತ್ತುತ್ತಿದ್ದಳು. ಆಸ್ತಮಾ ನಮ್ಮ ಬೀದಿಯಲ್ಲಿ ನೆಗಡಿಯಷ್ಟೇ ಸಾಮಾನ್ಯ. ತರಕಾರಿ ಮಂಡಿಗೆ ಹೋಗುವ ಲಾರಿಗಳೆಲ್ಲ ನಮ್ಮ ಕಿಟಕಿಯ ಕೆಳಗೇ ಹೊಗೆಯುಗುಳುತ್ತ ಸಾಲುಗಟ್ಟಿ ನಿಲ್ಲುತ್ತವೆ.

ನೆರೈದಾಳ ಮಗಳು, ಸುಲೈಕಾಳ ತಾಯಿ ಅಯ್ದಾ ಹೋದದ್ದೂ ಆಸ್ತಮಾದಿಂದಲೇ. ಅಯ್ದಾ ಕೂಸಾಗಿದ್ದಾಗ ದೀಕ್ಷಾಸ್ನಾನ ಮಾಡಿಸಿದ ದಿನ ಚರ್ಚಿನಲ್ಲಿ ಅವಳನ್ನು ಎತ್ತಿಕೊಂಡು ನಿಂತವಳು ನಾನು. ಅಂದಿನಿಂದ ನೆರೈದಾ ಮತ್ತು ನಾನು ಒಬ್ಬರಿಗೊಬ್ಬರು ಕೊಮಾದ್ರೆ, ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಅಯ್ದಾಗೆ ಉಸಿರು ಕಟ್ಟಿದ ದಿನ ಲಿಫ್ಟ್ ಕೆಟ್ಟಿತ್ತು. ಅದು ಸರಿಯಿದ್ದ ದಿನವನ್ನು ನೆನಪಿಸಿಕೊಳ್ಳುವುದೇ ಕಷ್ಟ. ಆಂಬ್ಯುಲೆನ್ಸಿನವರು ಮೇಲೆ ಬರುವ ತನಕ ಕಾಯಲಾರದೆ ತಾನೇ ಇಳಿಯಲು ಹೊರಟಳು. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ ಕೂತಳು, ಮತ್ತೆ ಏಳಲಿಲ್ಲ. ಸುಲೈಕಾ ಆಗ ಅಂಬೆಗಾಲಿಡುವ ಕೂಸು. ಆ ತಿರುವು ಬಂದಾಗೆಲ್ಲ ನೆರೈದಾ ಗೋಡೆಯ ಕಡೆ ನೋಡದೆ, ಕಟಕಟೆಯನ್ನು ಗಟ್ಟಿಯಾಗಿ ಹಿಡಿದು ದಾಟುತ್ತಿದ್ದಳು.

ಹೀಗಿರುವಾಗ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಆಸ್ತಮಾ ಒಕ್ಕೂಟ ಶುರುವಾಯಿತು. ಮೊದಲ ಸಭೆಗೇ ನೆರೈದಾ ಹೋದಳು. ತರಬೇತಿ ಮುಗಿಸಿ ಒಕ್ಕೂಟದ ಕಾರ್ಯಕರ್ತೆಯಾಗಿ, ನೀಲಿ ಟೀಶರ್ಟು ತೊಟ್ಟು, ಕೊರಳಿಗೆ ಫೋಟೋ ಇರುವ ಕಾರ್ಡು ಹಾಕಿಕೊಂಡು ಮನೆಮನೆ ಹತ್ತತೊಡಗಿದಳು. ಹಾಸಿಗೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸುವುದು, ಜಿರಲೆಗೆ ಔಷಧಿ ಹೊಡೆಯದೆ ಅಂಟು ಇಡಿಸುವುದು, ಬ್ಲೀಚು ಬಿಡಿಸುವುದು ಅವಳ ಕೆಲಸ.

"ಏನಮ್ಮಾ ಇನ್ಸ್‌ಪೆಕ್ಟ್ರೇ, ಇವತ್ತು ಯಾರ ಮನೆ ಜಪ್ತಿ?" ಎಂದು ನಾನು ಕಿಚಾಯಿಸಿದೆ.

"ನಿನ್ನದೇ. ಬಚ್ಚಲಲ್ಲಿ ಬ್ಲೀಚ್ ಬಾಟ್ಲಿ ಇಟ್ಟಿದೀಯಲ್ಲ, ತೆಗಿ ಈಚೆ."

"ನನಗೆಲ್ಲಿದೆ ಆಸ್ತಮಾ?"

"ನಿನ್ನ ವಾಸನೆ ನಿನ್ನ ಮನೇಲೇ ಕೂರಲ್ಲ ಕಣೇ ಒತಿಲ್ಯಾ, ಮೆಟ್ಲು ಹತ್ತಿ ನನ್ನ ಮಗು ಹತ್ರ ಬರತ್ತೆ."

ಹೇಳಿದವಳೇ ನುಗ್ಗಿ, ತುಂಬಿದ ಬಾಟಲಿಯನ್ನು ಕಕ್ಕಸಿಗೆ ಸುರಿದು ನೀರು ಬಿಟ್ಟಳು. ನಾನು ಬಾಯಿಗೆ ಬಂದಂತೆ ಬೈದೆ. "ಬ್ಲೀಚ್ ಬದಲು ವಿನೆಗರ್" ಎಂದು ಮೂರು ಸಲ ನನ್ನ ಬಾಯಲ್ಲಿ ಹೇಳಿಸಿಯೇ ಜಾಗ ಖಾಲಿ ಮಾಡಿದಳು. ಬೀದಿಯ ಅರ್ಧ ಹೆಂಗಸರು ಅವಳ ಕಾಟಕ್ಕೆ ಬ್ಲೀಚು ಬಿಟ್ಟರು. ನೆರೈದಾ ತಾನೂ ಬಿಟ್ಟಳು. ಆದರೂ ಯಾರಾದರೂ ಬರುವ ದಿನ, ತನ್ನ ಬಾಗಿಲ ಮುಂದೆ ಮಾತ್ರ ಆ ನೇರಳೆ ನೀರನ್ನು ಒಂದು ಮುಚ್ಚಳ ಚಿಮುಕಿಸದೆ ಇರಲು ಅವಳಿಂದ ಆಗಲಿಲ್ಲ. ಒಕ್ಕೂಟದ ನರ್ಸ್ ಕೇಳಿದರೆ, "ಅಯ್ಯೋ, ಅದು ಕೆಳಗಿನ ಮನೆ ಒತಿಲ್ಯಾದು" ಎನ್ನುತ್ತಿದ್ದಳು. ನನ್ನ ಹೆಸರು ಕೆಡಿಸಲು ಅವಳಿಗೆ ಯಾವ ಹಿಂಜರಿಕೆಯೂ ಇರಲಿಲ್ಲ.

ಒಕ್ಕೂಟದಲ್ಲಿ ತಾಯಂದಿರಿದ್ದರು, ಶಾಲೆಯ ನರ್ಸ್ ಇದ್ದಳು, ಔಷಧಿ ಅಂಗಡಿಯವನೂ ಬರುತ್ತಿದ್ದ. ಡಾಕ್ಟರ್ ಒಬ್ಬರೂ ಇರಲಿಲ್ಲ. ಅವರಿಗೆಂದು ಒಂದು ಕುರ್ಚಿ ಇಡುತ್ತಿದ್ದರು. ಅದರ ಮೇಲೆ ನಾವು ಕೋಟುಗಳನ್ನು ರಾಶಿ ಹಾಕುತ್ತಿದ್ದೆವು. ಪ್ರತಿ ಸಭೆಗೂ ಆಸ್ಪತ್ರೆಯಿಂದ ಶುಭ ಹಾರೈಕೆ ಬರುತ್ತಿತ್ತು. ಒಂದು ದಿನ ನೆರೈದಾ ಎದ್ದು ನಿಂತು, "ಈ ಹಾರೈಕೆ ಬಂದು ಕುರ್ಚಿ ಮೇಲೆ ಕೂತ್ಕೊಳತ್ತಾ?" ಎಂದು ಕೇಳಿದಳು.

ಅವಳಿಗೆ ಡಾಕ್ಟರ್ ಬೇಕಾಗಿದ್ದದ್ದು ಭಾಷಣಕ್ಕಲ್ಲ. ಸುಲೈಕಾ ಮಲಗುವ ಕೋಣೆಯ ಗೋಡೆ ಬೂಷ್ಟು ಹಿಡಿದು ಕಪ್ಪಗಾಗಿತ್ತು. ಮೇಲಿನ ಕೊಳಾಯಿ ಸೋರಿ ಸೋರಿ ಆ ಕಪ್ಪು ಚಾವಣಿಯಿಂದ ಮಂಚದ ತಲೆಭಾಗದವರೆಗೆ ಇಳಿದಿತ್ತು. ಮನೆ ಮಾಲೀಕನಿಗೆ ನಾವೆಷ್ಟು ಹೇಳಿದರೂ, "ನೀವು ಬಿಸಿನೀರು ಜಾಸ್ತಿ ಬಿಡ್ತೀರಿ, ಆ ಹಬೆಗೇ ಹಿಂಗಾಗಿದೆ" ಎನ್ನುತ್ತಿದ್ದ. ಒಬ್ಬ ಡಾಕ್ಟರು ಬಂದು ಕಣ್ಣಾರೆ ಕಂಡು, ಈ ಗೋಡೆಯಿಂದಲೇ ಈ ಮಗುವಿಗೆ ಕಾಯಿಲೆ ಎಂದು ಹೇಳಿದರೆ ಅವನು ಅಲ್ಲಾಡಲೇಬೇಕು. ಆ ಚಳಿಗಾಲ ಸುಲೈಕಾ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಳು. "ಮೂರನೇ ಸಲ ವಾಪಸ್ ಬರದೇ ಹೋದ್ರೆ?" ಎಂದು ನೆರೈದಾ ನನ್ನ ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದಳು. 

ಸುಲೈಕಾಳನ್ನು ನೋಡುತ್ತಿದ್ದವರು ಡಾ. ಕೀಟಿಂಗ್ ಎಂಬ ಹೆಂಗಸು. ನಲವತ್ತರ ಆಸುಪಾಸು, ಕಣ್ಣ ಕೆಳಗೆ ಸದಾ ನಿದ್ದೆಗೆಟ್ಟ ಕಲೆ. ಅವರನ್ನು ಒಕ್ಕೂಟಕ್ಕೆ ಕರೆಯಲು ನೆರೈದಾ ಫೋನು ಮಾಡಿದಳು, ಕ್ಲಿನಿಕ್ಕಿನ ಬಾಗಿಲಲ್ಲಿ ಕಾದಳು, ತೊಗರಿಕಾಳಿನ ಅನ್ನ ಮಾಡಿ ಡಬ್ಬಿ ಕಳಿಸಿದಳು. ಡಬ್ಬಿ ತೊಳೆದು ವಾಪಸ್ ಬಂತು, ಡಾಕ್ಟರ್ ಬರಲಿಲ್ಲ. ಕೊನೆಗೆ ಅವಳು ತನ್ನ ಹೆಸರಿನಲ್ಲೇ ತಪಾಸಣೆಗೆ ಸಮಯ ಪಡೆದಳು. ನಾನೂ ಜೊತೆಗೆ ಹೋದೆ. ನನ್ನ ಇಂಗ್ಲಿಷು ಅವಳದ್ದಕ್ಕಿಂತ ಒರಟು, ಆದರೆ ಜೋರು.

"ಏನ್ ತೊಂದ್ರೆ ನಿಮಗೆ?" ಡಾಕ್ಟರ್ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು.

"ನೀವೇ ನನ್ನ ತೊಂದ್ರೆ ಡಾಕ್ಟ್ರೇ."

ಅವರ ಬೆರಳುಗಳು ನಿಂತವು.

"ನನಗೆ ಕಾಯ್ಲೆ ಗೀಯ್ಲೆ ಏನಿಲ್ಲ. ನೀವು ಫೋನಲ್ಲಿ ಸಿಗಲ್ಲ, ಬಾಗ್ಲಲ್ಲಿ ಸಿಗಲ್ಲ. ಹಿಂಗಾದ್ರೂ ಸಿಗ್ತೀರಲ್ಲ ಅಂತ ಬಂದೆ."

ಡಾಕ್ಟರಿಗೆ ಸಿಟ್ಟು ಬರುತ್ತದೆಂದುಕೊಂಡೆ. ಅವರು ಕುರ್ಚಿಗೆ ಒರಗಿ ಸಣ್ಣಗೆ ನಕ್ಕರು. "ಹೊರಗೆ ನೋಡಿದ್ರಲ್ಲ ಎಷ್ಟು ಮಕ್ಕಳಿದಾರೆ? ನಿಮ್ಮ ಮೀಟಿಂಗ್ ಹೊತ್ತಿಗೆ ನಾನು ಎದ್ದು ಬಂದ್ರೆ ಅವ್ರೆಲ್ಲ ವಾಪಸ್ ಹೋಗ್ಬೇಕು. ಅಲ್ಲಿ ಬಂದು ನಾನೇನ್ ಮಾಡ್ಲಿ ಹೇಳಿ?"

"ನೀವು ನನ್ನ ಮೊಮ್ಮಗಳಿಗೆ ಔಷಧಿ ಕೊಡ್ತೀರಿ. ಅವಳು ಅದನ್ನ ತಗೊಂಡು ಬಂದು ಅದೇ ಕರಿ ಗೋಡೆ ಪಕ್ಕ ಮಲಗ್ತಾಳೆ. ಆ ಗೋಡೆ ನೋಡ್ಬೇಕು ನೀವು. ನಮ್ಮ ಮೆಟ್ಲು ಹತ್ತಿ ನೋಡ್ಬೇಕು. ಆಮೇಲೆ ಮಾಲೀಕನಿಗೆ ಒಂದು ಮಾತು ಹೇಳ್ಬೇಕು. ನನ್ನ ಮಗಳನ್ನ ಕಳ್ಕೊಂಡಿದೀನಿ ಡಾಕ್ಟ್ರೇ. ಇದನ್ನ ಕಳ್ಕೊಳಕ್ಕೆ ನನ್ನ ಕೈಲಾಗಲ್ಲ."

ಡಾಕ್ಟರ್ ಕಂಪ್ಯೂಟರಿನಲ್ಲಿ ತಮ್ಮ ವಾರದ ಪಟ್ಟಿ ತೆರೆದರು. "ಆಯ್ತು. ಮೊದಲು ನಿಮ್ಮನೆಗೆ ಬರ್ತೀನಿ. ಗುರುವಾರ ಮಧ್ಯಾಹ್ನ ಬಿಡುವಿದೆ. ಮೀಟಿಂಗ್ ವಿಷಯ ಆಮೇಲೆ. ಒಂದೇ ಮಾತು, ನನಗೋಸ್ಕರ ಏನೂ ಮಾಡ್ಬೇಡಿ. ಮನೆ ಇದ್ದ ಹಾಗೇ ಇರ್ಲಿ."

ಬಸ್ಸಿನಲ್ಲಿ ನೆರೈದಾ ನನ್ನ ಕೈಯನ್ನು ಬಿಡಲೇ ಇಲ್ಲ. ಕಟ್ಟಡದ ಬಾಗಿಲಲ್ಲಿ ಸಿಕ್ಕವರಿಗೆಲ್ಲ, "ಡಾಕ್ಟ್ರು ಬರ್ತಾರೆ, ನಮ್ಮನೆಗೇ" ಎಂದು ಸಾರಿಕೊಂಡು ಹತ್ತಿದಳು. ನಾಲ್ಕನೇ ಮಹಡಿಯ ಬಸಿಲೀಸಾ ಮಾತ್ರ ಬಾಗಿಲಿಗೆ ಒರಗಿ ನಿಂತು ತಲೆ ಅಲ್ಲಾಡಿಸಿದಳು. ಅವಳ ತಮ್ಮನ ಮಗುವನ್ನು ಆರೈಕೆ ಸರಿಯಿಲ್ಲವೆಂದು ಸರ್ಕಾರದ ಮಕ್ಕಳ ರಕ್ಷಣೆಯವರು ಕರೆದುಕೊಂಡು ಹೋಗಿದ್ದರು.

"ದೋನ್ಯಾ ನೆರೈದಾ, ನಿಮಗೇನು ಬುದ್ಧಿ ಕೆಟ್ಟಿದ್ಯಾ? ಡಾಕ್ಟ್ರು ನೋಡಿದ್ದನ್ನ ಹೊಟ್ಟೇಲಿ ಇಟ್ಕೊಳ್ಳೋ ಹಾಗಿಲ್ಲ, ಕಾನೂನು. ಇಂಥ ಗೋಡೆ ಪಕ್ಕ ಮಗು ಮಲಗಿಸ್ತಾರೆ ಅಂತ ಅವ್ರು ಮಕ್ಕಳ ರಕ್ಷಣೆಯೋರಿಗೆ ತಿಳಿಸ್ಲೇಬೇಕು. ಆಮೇಲೆ ಮಾಲೀಕನ್ನ ಯಾರೂ ಕೇಳಲ್ಲ, ನಿಮ್ಮನ್ನ ಕೇಳ್ತಾರೆ."

ನೆರೈದಾಳ ಮುಖದಲ್ಲಿದ್ದ ಗೆಲುವು ಅಲ್ಲೇ ಇಳಿದುಹೋಯಿತು. ಅವಳು ಎರಡು ಸಲ ಮಗುವನ್ನು ಕ್ಲಿನಿಕ್ಕಿಗೆ ಕರೆದೊಯ್ಯಬೇಕಾದ ದಿನ ತಪ್ಪಿಸಿದ್ದಳು. ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿಯಲು ಆಗಿರಲಿಲ್ಲ. ಇನ್ನೊಮ್ಮೆ ತಪ್ಪಿದರೆ ಮಕ್ಕಳ ರಕ್ಷಣೆಯವರಿಗೆ ಬರೆಯಬೇಕಾಗುತ್ತದೆ ಎಂದು ಆಗ ಆಸ್ಪತ್ರೆಯವರು ಅವಳಿಗೆ ಕಟುವಾಗಿಯೇ ಹೇಳಿದ್ದರು. ಅದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಬುಧವಾರ ಸಂಜೆ ನನ್ನ ಅಡುಗೆಮನೆಗೆ ಬಂದು ಕೂತಳು. ಕಾಫಿ ಕೊಟ್ಟೆ, ಕುಡಿಯಲಿಲ್ಲ.

"ಕೊಮಾದ್ರೆ, ಗೋಡೆ ಕಪ್ಪಗಿದ್ರೆ ಅದು ಮಾಲೀಕನ ತಪ್ಪೋ, ನನ್ನ ತಪ್ಪೋ?"

"ಮಾಲೀಕಂದು. ಅದರಲ್ಲೇನು ಅನುಮಾನ?"

"ನಂಗೊತ್ತು, ನಿಂಗೊತ್ತು. ನೋಡಿದ ತಕ್ಷಣ ಡಾಕ್ಟ್ರಿಗೆ ಗೊತ್ತಾಗತ್ತಾ? ಗಲೀಜು ಮುದುಕಿ ಅಂದ್ಕೊಂಡ್ರೆ?"

"ಅವರೇ ಹೇಳಿದಾರಲ್ಲೇ, ಇದ್ದ ಹಾಗೇ ಇರ್ಲಿ ಅಂತ."

"ನಿಮ್ಮಮ್ಮ ನಿನ್ನನ್ನ ಹಾಗೆ ಬೆಳೆಸಿದ್ಲಾ? ಇದ್ದ ಹಾಗೇ ಇರೋ ಮನೆಗೆ ಡಾಕ್ಟ್ರನ್ನ ಕರಿಯಕ್ಕೆ?"

ನಾನು ಆರಿದ ಕಾಫಿಯನ್ನು ಚೆಲ್ಲಿ, ಮತ್ತೆ ಕಾಯಿಸಲು ಇಟ್ಟೆ. 

ಗುರುವಾರ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು, ಒಂದೊಂದೇ ತುಣುಕಾಗಿ. ಮಗುವನ್ನು ಶಾಲೆಗೆ ಕಳಿಸಿ, ಒಕ್ಕೂಟದ ನೀಲಿ ಟೀಶರ್ಟಿನ ಮೇಲೆ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಮೂಲೆಯ ಅಂಗಡಿಗೆ ಹೋಗಿ ಬ್ಲೀಚು ತಂದಳು. ಯಾರೂ ನೋಡದಿರಲಿ ಎಂದು ಬ್ರೆಡ್ಡಿನ ಕೆಳಗಿಟ್ಟು ತಂದಳು. ಕುರ್ಚಿ ಹತ್ತಿ ನಿಂತು ಚಾವಣಿಯಿಂದ ಮಂಚದವರೆಗೆ ಗೋಡೆ ತಿಕ್ಕಿದಳು. ಕಪ್ಪು ಕರಗಿ ಇಳಿಯಿತು, ಗೋಡೆ ಬೆಳ್ಳಗಾಯಿತು. ನೆಲಕ್ಕೂ ಸುರಿದು ಒರೆಸಿದಳು. ಕಿಟಕಿ ತೆರೆದರೆ ಕೆಳಗೆ ಲಾರಿಗಳು, ಫೆಬ್ರವರಿಯ ಕೊರೆಯುವ ಚಳಿ. ಮಗು ಬರುವ ಹೊತ್ತಿಗೆ ಮನೆ ತಣ್ಣಗಿರಬಾರದೆಂದು ಮುಚ್ಚಿಬಿಟ್ಟಳು.

ಮಧ್ಯಾಹ್ನ ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳುವಾಗ ಅವಳಿಗೆ ದಿಗಿಲಾಯಿತು. ಬ್ಲೀಚು ಬೇಡವೆಂದು ಊರಿಗೆಲ್ಲ ಹೇಳುವ ತಾನೇ ಇದೇನು ಮಾಡಿಬಿಟ್ಟೆ ಎಂದುಕೊಂಡಳು. ಮಗು ಬರುವಷ್ಟರಲ್ಲಿ ಈ ಘಾಟು ಹೋಗಬೇಕು, ಡಾಕ್ಟರಿಗೂ ಗೊತ್ತಾಗಬಾರದು. ಬ್ಲೀಚಿನ ಬದಲು ವಿನೆಗರ್ ಎಂದು ಕಲಿತಿದ್ದಳಲ್ಲ, ವಿನೆಗರ್ ಒಳ್ಳೆಯದು, ಅದು ಬ್ಲೀಚನ್ನು ತೊಳೆದುಬಿಡುತ್ತದೆ ಎಂದುಕೊಂಡಳು. ಇನ್ನೂ ಒದ್ದೆಯಿದ್ದ ನೆಲಕ್ಕೆ, ಗೋಡೆಗೆ ಎರಡು ಬಾಟಲಿ ಸುರಿದಳು. ಅವೆರಡೂ ಸೇರಿದರೆ ವಿಷದ ಗಾಳಿಯಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಕಣ್ಣು ಉರಿಯಿತು, ಗಂಟಲು ಕೆರೆಯಿತು. ವಾಸನೆ ಹೋಗುವ ಬದಲು ಜಾಸ್ತಿಯಾಯಿತೆಂದು ಬಾಗಿಲಿಂದ ಒಳಕೋಣೆಯವರೆಗೆ ನೇರಳೆ ನೀರನ್ನೂ ಚೆಲ್ಲಿದಳು.

ನಾನೂ ಸುಲೈಕಾಳೂ ಬಂದೆವು. ಕೆಳಗಿನ ಬಾಗಿಲು ದಾಟುತ್ತಲೇ ಹುಡುಗಿ ಮೂಗೆತ್ತಿದಳು. ಅವಳ ಮುಖ ಹಿಗ್ಗಿದ್ದನ್ನು ನಾನು ಈಗಲೂ ಮರೆಯಲಾರೆ.

"ಅಬುಯೆಲಾ! ಇವತ್ತು ತುಂಬಾ ದೊಡ್ಡೋರು ಬರ್ತಿದಾರೆ! ಪಾದ್ರಿಗಿಂತ ದೊಡ್ಡೋರು!"

ಕೂಗುತ್ತಲೇ ಎರಡೆರಡು ಮೆಟ್ಟಿಲು ಹಾರಿ ಓಡಿದಳು. ನನ್ನ ಮಂಡಿ ಅಷ್ಟು ಬೇಗ ಏಳುವುದಿಲ್ಲ. ನಾನು ನಾಲ್ಕನೇ ಮಹಡಿ ತಲುಪುವಾಗ ಮೇಲಿಂದ ನೆರೈದಾಳ ಅರಚಾಟ ಕೇಳಿಸಿತು.

ಒಳಗೆ ಹೋದರೆ ನೆಲದ ಮೇಲೆ ಮಗುವನ್ನು ತೊಡೆಗೆ ಹಾಕಿಕೊಂಡು ಕೂತಿದ್ದಳು, ಪಂಪು ಬಾಯಿಗಿಟ್ಟು ಒತ್ತುತ್ತಿದ್ದಳು. ಸುಲೈಕಾಳ ಭುಜ ಕಿವಿಯವರೆಗೆ ಏರಿತ್ತು, ಕೊರಳ ಗುಳಿ ಒಳಕ್ಕೆ ಎಳೆಯುತ್ತಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎದೆಯಲ್ಲಿ ಸಿಳ್ಳೆ ಕೇಳಿಸುತ್ತಿರುವ ತನಕ ಗಾಳಿ ಆಡುತ್ತಿದೆ ಎಂದರ್ಥ; ನಮ್ಮ ಬೀದಿಯ ತಾಯಂದಿರಿಗೆಲ್ಲ ಇದು ಗೊತ್ತು. ಸಿಳ್ಳೆ ನಿಂತಿತ್ತು. ಆ ಘಾಟಿಗೆ ನನಗೂ ಉಸಿರು ಹಿಡಿದುಕೊಂಡಿತು. ಕಿಟಕಿಗೆ ಹೋಗಲೋ ಫೋನಿಗೆ ಹೋಗಲೋ ತಿಳಿಯದೆ ನಿಂತಲ್ಲೇ ಸುತ್ತಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಡಾ. ಕೀಟಿಂಗ್. ಐದು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಒಂದೇ ಸಲ ಮೂಸಿ ಅವರ ಮುಖ ಬಿಳಿಚಿತು.

"ಏನ್ ಹಾಕಿದೀರಿ ಇಲ್ಲಿ? ಮಗುನ ಹೊರಗೆ ತನ್ನಿ! ಎಲ್ಲಾರೂ ಹೊರಗೆ!"

ತಾವೇ ಮಗುವನ್ನು ಕಸಿದು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ನಾನು ನನ್ನ ಮನೆಯಿಂದ ಆಂಬ್ಯುಲೆನ್ಸಿಗೆ ಫೋನು ಮಾಡಿ ಅವರ ಹಿಂದೆ ಓಡಿದೆ. ಎರಡನೇ ಮಹಡಿಯ ತಿರುವಿನಲ್ಲಿ ಸುಲೈಕಾಳ ಕತ್ತು ವಾಲಿತು. ಡಾಕ್ಟರ್ ಅಲ್ಲೇ ಮಂಡಿಯೂರಿ, ಅವಳನ್ನು ಗೋಡೆಯ ಪಕ್ಕ ನೆಲದ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಊದತೊಡಗಿದರು.

ನೆರೈದಾ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. "ಇಲ್ಲಿ ಬೇಡ ಡಾಕ್ಟ್ರೇ," ಎಂದಳು. "ಈ ಜಾಗದಲ್ಲಿ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ. ಒಂದೇ ಒಂದು ಮಹಡಿ ಕೆಳಗೆ ಹೋಗಿ."

ಡಾಕ್ಟರಿಗೆ ಅದೇನು ಮಾತೆಂದು ಹೇಗೆ ತಿಳಿಯಬೇಕು? ಅವರು ಊದುತ್ತಲೇ ಇದ್ದರು. ಆಂಬ್ಯುಲೆನ್ಸಿನವರು ಆಮ್ಲಜನಕ ಹೊತ್ತು ಅಲ್ಲಿಗೇ ಬಂದರು.

ಮಗು ಬದುಕಿತು. ಡಾಕ್ಟರ್ ಆ ದಿನ ಬಾರದೇ ಹೋಗಿದ್ದರೆ ಬದುಕುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳಿದರು. ಡಾಕ್ಟರ್ ಬರದಿದ್ದರೆ ಗೋಡೆಯನ್ನು ಯಾರು ತೊಳೆಯುತ್ತಿದ್ದರು ಎಂದು ನಾನು ಕೇಳಬೇಕೆಂದುಕೊಂಡೆ. ಆಸ್ಪತ್ರೆಯ ಸಮಾಜ ಸೇವಕಿ ಬಂದು ಏನಾಯಿತೆಂದು ವಿಚಾರಿಸಿದಾಗ ನೆರೈದಾ ಏನನ್ನೂ ಮುಚ್ಚಿಡಲಿಲ್ಲ. ಒಂದೇ ಚಳಿಗಾಲದಲ್ಲಿ ಮೂರನೇ ಸಲ, ತಪ್ಪಿಸಿದ ತಪಾಸಣೆಗಳು, ಈಗ ಇದು. ಮಕ್ಕಳ ರಕ್ಷಣೆಯವರು ಸುಲೈಕಾಳನ್ನು ಆಸ್ಪತ್ರೆಯಿಂದ ನೇರವಾಗಿ ಪೆನ್ಸಿಲ್ವೇನಿಯಾದಲ್ಲಿರುವ ಅವಳ ಚಿಕ್ಕಪ್ಪನ ಮನೆಗೆ ಕಳಿಸಿದರು. ಹೊರಡುವಾಗ ಮಗುವಿಗೆ ಅಜ್ಜಿ ಕಾಯಿಲೆ ಬಿದ್ದಿದ್ದಾಳೆಂದು ಹೇಳಿದರಂತೆ.

ಮಗು ಯಾರ ಬಳಿ ಇರಬೇಕೆಂಬುದು ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನೆರೈದಾ ಚರ್ಚಿಗೆ ಹಾಕುವ ಕಪ್ಪು ಲಂಗ ಹಾಕಿದ್ದಳು. ಡಾ. ಕೀಟಿಂಗ್ ಅವಳ ಪರವಾಗಿ ಮಾತಾಡಲೆಂದೇ ಕ್ಲಿನಿಕ್ಕು ಮುಚ್ಚಿ ಬಂದಿದ್ದರು. ಮಕ್ಕಳ ರಕ್ಷಣೆಯ ಕಡೆಯ ವಕೀಲ ಎದ್ದ. ತೆಳ್ಳಗಿನ ಹುಡುಗ, ದನಿ ಮೆದುವಾಗಿತ್ತು.

"ಬ್ಲೀಚಿಂದ ಆಸ್ತಮಾ ಕೆರಳತ್ತೆ ಅಂತ ಈ ಅಜ್ಜಿಗೆ ಗೊತ್ತಿತ್ತಾ ಡಾಕ್ಟ್ರೇ?"

"ಗೊತ್ತಿತ್ತು."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

ಡಾಕ್ಟರ್ ನೆರೈದಾಳ ಕಡೆ ನೋಡಿದರು. "ಮನೆಮನೆಗೆ ಹೋಗಿ ಅದನ್ನ ಹೇಳ್ಕೊಡ್ತಿದ್ದೋರು ಇವರೇ."

"ಮಗು ಕೋಣೆ ಗೋಡೆ ಬೂಷ್ಟು ಹಿಡಿದಿತ್ತು ಅಂತಾರೆ. ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ನಾನು ಹೋದಾಗ ಬೆಳ್ಳಗಿತ್ತು. ಆದ್ರೆ ಕೇಳಿ, ಬ್ಲೀಚಿಗೆ ವಿನೆಗರ್ ಸೇರಿಸಬಾರ್ದು ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ. ಹೇಳ್ಬೇಕಾಗಿದ್ದು ನಾವು.. ಒಕ್ಕೂಟಕ್ಕೆ ಬನ್ನಿ ಬನ್ನಿ ಅಂತ ಅವ್ರು ನನ್ನನ್ನ.."

"ಕೇಳಿದ್ದಕ್ಕೆ ಉತ್ತರ ಸಿಕ್ತು ಡಾಕ್ಟ್ರೇ. ಥ್ಯಾಂಕ್ಸ್."

ಆಮೇಲೆ ನ್ಯಾಯಾಧೀಶೆ ನೆರೈದಾಳನ್ನೇ ಕೇಳಿದರು. ಕೆಟ್ಟ ಹೆಂಗಸಲ್ಲ ಆಕೆ, ನಿಧಾನವಾಗಿಯೇ ಕೇಳಿದರು. "ಗೊತ್ತಿದ್ದೂ ಯಾಕಮ್ಮಾ ಮಾಡಿದ್ರಿ?"

"ಡಾಕ್ಟ್ರು ಬರೋರಿದ್ರು," ಎಂದಳು ನೆರೈದಾ.

ನ್ಯಾಯಾಧೀಶೆ ಕಾಗದದಿಂದ ತಲೆಯೆತ್ತಿದರು. "ಅಷ್ಟೇನಾ?"

"ಅಷ್ಟೇ ತಾಯಿ. ಡಾಕ್ಟ್ರು ಬರೋರಿದ್ರು."

ನನಗೆ ತಡೆಯಲಾಗದ್ದು ಇದೇ. ಏನೂ ತಿಳಿಯದ ಮುದುಕಿಯಾಗಿದ್ದರೆ ಪಾಪ ಎಂದು ಅವಳಿಗೆ ಒಂದಿಷ್ಟು ತರಗತಿ ಮಾಡಿ ಮಗುವನ್ನು ವಾಪಸ್ ಕೊಡುತ್ತಿದ್ದರು. ಆ ತರಗತಿಯಲ್ಲಿ ಪಾಠ ಹೇಳುವವಳೇ ಅವಳು. ಅವಳು ಕಲಿತದ್ದು, ಕಲಿಸಿದ್ದು, ಕೊರಳಿನ ಆ ಕಾರ್ಡು ಎಲ್ಲ ಅವಳ ಮೇಲೇ ತಿರುಗಿಬಿತ್ತು. ಮಗು ಚಿಕ್ಕಪ್ಪನ ಹತ್ತಿರವೇ ಇರಲಿ, ಮುಂದೆ ನೋಡೋಣ ಎಂದರು ನ್ಯಾಯಾಧೀಶೆ.

ಈಗ ಡಾ. ಕೀಟಿಂಗ್ ಪ್ರತಿ ಸಭೆಗೂ ಬರುತ್ತಾರೆ. ಇನ್ನೂ ಇಬ್ಬರು ಡಾಕ್ಟರುಗಳನ್ನು ಎಳೆದುಕೊಂಡು ಬಂದಿದ್ದಾರೆ. ಕೋಟುಗಳನ್ನು ನಾವು ಬೇರೆ ಕಡೆ ಹಾಕುತ್ತೇವೆ. ಡಾ. ಕೀಟಿಂಗ್ ಮೊದಲ ದಿನವೇ ಎದ್ದು ನಿಂತು, ಯಾವುದಕ್ಕೆ ಯಾವುದನ್ನು ಸೇರಿಸಬಾರದು ಎಂದು ಅರ್ಧ ಗಂಟೆ ಹೇಳಿದರು. ಬೇಸಿಗೆಯಲ್ಲಿ ನೆರೈದಾಳ ಗೋಡೆ ತಾನಾಗಿಯೇ ಮತ್ತೆ ಕಪ್ಪಾಯಿತು. ಡಾಕ್ಟರ್ ಬಂದು ನೋಡಿದರು, ಮಾಲೀಕನ ಬೆನ್ನು ಬಿದ್ದರು, ಕೊಳಾಯಿ ಬದಲಾಯಿತು, ಗಾರೆ ಕೆತ್ತಿ ಹೊಸದಾಗಿ ಬಳಿದರು. ನೆರೈದಾ ಬಯಸಿದ್ದೆಲ್ಲ ಒಂದೊಂದಾಗಿ ಆಯಿತು. ಆ ಕೋಣೆಯಲ್ಲಿ ಮಲಗುವವರು ಯಾರೂ ಇರಲಿಲ್ಲ. ಒಕ್ಕೂಟದವರು ಬಹಳ ಸಂಕೋಚದಿಂದ ಅವಳ ಕಾರ್ಡನ್ನು ವಾಪಸ್ ಕೇಳಿದರು. ಟೀಶರ್ಟು ಇಟ್ಟುಕೊಳ್ಳಿ ಎಂದರಂತೆ.

ಡಾಕ್ಟರ್ ಓಡಾಡಿದ್ದರಿಂದಲೇ ನವೆಂಬರಿನ ಒಂದು ಭಾನುವಾರ ಸುಲೈಕಾ ಮನೆಗೆ ಬಂದುಹೋಗಲು ಒಪ್ಪಿಗೆ ಸಿಕ್ಕಿತು. ಬೆಳಿಗ್ಗೆ ಬಂದು ಸಂಜೆ ಹೋಗಬೇಕು, ಚಿಕ್ಕಪ್ಪ ಜೊತೆಗಿರಬೇಕು. ವಾರದ ಮೊದಲಿಂದಲೇ ನೆರೈದಾ ಬರೀ ಬಿಸಿನೀರು, ಪರಿಮಳವಿಲ್ಲದ ಸೋಪು ಹಿಡಿದು ಮನೆ ತಿಕ್ಕಿದಳು, ಮತ್ತೆ ಬರೀ ನೀರಿನಲ್ಲಿ ಒರೆಸಿದಳು. ವಿನೆಗರನ್ನೂ ಮುಟ್ಟಲಿಲ್ಲ. ಮೊಮ್ಮಗಳಿಗೆ ಇಷ್ಟವಾದ ತೊಗರಿಕಾಳಿನ ಅನ್ನ, ಹಂದಿಮಾಂಸ ಎಲ್ಲವನ್ನೂ ನನ್ನ ಒಲೆಯ ಮೇಲೆ ಮಾಡಿದಳು, ತನ್ನ ಮನೆಯೊಳಗೆ ಬೆಳ್ಳುಳ್ಳಿಯ ಹೊಗೆಯೂ ಆಡಬಾರದೆಂದು. ಭಾನುವಾರ ಬೆಳಿಗ್ಗೆ ನನ್ನನ್ನು ಎಳೆದುಕೊಂಡು ಹೋಗಿ ನಡುಮನೆಯಲ್ಲಿ ನಿಲ್ಲಿಸಿದಳು.

"ಮೂಸು ಕೊಮಾದ್ರೆ. ಏನಾದ್ರೂ ಬರ್ತಿದ್ಯಾ?"

"ಏನೂ ಇಲ್ಲ."

"ಬಾಗ್ಲ ಹತ್ರ?"

"ಎಲ್ಲೂ ಏನೂ ಇಲ್ಲ ಕಣೇ. ಗಾಜಿನ ಹಾಗಿದೆ ನಿನ್ನ ಮನೆ."

ಬಹಳ ದಿನಗಳ ಮೇಲೆ ಅವಳು ನಕ್ಕಳು. ಇಬ್ಬರೂ ಹೊರಗೆ ಬಂದು ಕಟಕಟೆಯ ಹತ್ತಿರ ನಿಂತೆವು.

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಬಗ್ಗಿ ನೋಡಿದೆವು. ಸುಲೈಕಾ ಎತ್ತರವಾಗಿದ್ದಳು, ಹೊಸ ಕೆಂಪು ಕೋಟು. ಒಳಗೆ ಕಾಲಿಟ್ಟವಳೇ ಮೂಗೆತ್ತಿ ಎಳೆದಳು. ನೆರೈದಾ ನನ್ನ ಕೈ ಹಿಡಿದುಕೊಂಡಳು. ಹುಡುಗಿ ಇನ್ನೊಂದು ಸಲ ಎಳೆದಳು. ಕೂಗಲಿಲ್ಲ. ಚಿಕ್ಕಪ್ಪನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಕೆಮ್ಮಲಿಲ್ಲ, ಒಂದು ಸಲವೂ ನಿಲ್ಲಲಿಲ್ಲ.

ಬಾಗಿಲಿಗೆ ಬಂದು ನಿಂತಳು. ಅಜ್ಜಿ ತಬ್ಬಿಕೊಳ್ಳಲು ಬಗ್ಗಿದಾಗ, ಅವಳ ಹೆಗಲ ಮೇಲಿಂದ ಒಳಗೆ ನೋಡಿ ಮೆಲ್ಲಗೆ ಕೇಳಿದಳು: "ಅಬುಯೆಲಾ, ನಾನು ಬರ್ತೀನಿ ಅಂತ ನಿಂಗೆ ಯಾರೂ ಹೇಳಿರ್ಲಿಲ್ವಾ?"

"ಹೇಳಿದ್ರು ಮಗಳೇ. ಹೇಳಿದ್ರು." ನೆರೈದಾ ಅವಳ ಕೋಟಿನ ಕೊರಳಪಟ್ಟಿ ಸರಿಮಾಡಿದಳು.

ಸುಲೈಕಾ ತಲೆಯಾಡಿಸಿದಳು, ದೊಡ್ಡವರ ಸುಳ್ಳಿಗೆ ಮಕ್ಕಳು ತಲೆಯಾಡಿಸುತ್ತಾರಲ್ಲ, ಹಾಗೆ. ಒಳಗೆ ಹೋಗಿ, ಕೋಟು ಬಿಚ್ಚದೆ, ಸೋಫಾದ ತುದಿಯಲ್ಲಿ ಕೈಕಟ್ಟಿ ಕೂತಳು. "ಕೂತ್ಕೊಳೋದಾ ಇಲ್ಲಿ?" ಎಂದು ಚಿಕ್ಕಪ್ಪನನ್ನು ಕೇಳಿದಳು.